ಆವನಿಯ ಕೆರೆಯೂ ಕೋಲಾರದ ಗಣಿಯೂ

ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿಗೆ ಸೇರಿದ ಆವನಿಯು ಪುರಾಣಕ್ಕೂ ಇತಿಹಾಸಕ್ಕೂ ಸಮಾನವಾಗಿ ಪರಿಚಿತವಾದ ಕ್ಷೇತ್ರ. ವಾಲ್ಮೀಕಿ ಮಹರ್ಷಿಗಳ ಆಶ್ರಮವಿದ್ದುದು ಇಲ್ಲಿಯ ಬೆಟ್ಟದಲ್ಲಿಯೇ ಎಂದೂ, ಸೀತಾದೇವಿಯು ಕುಶಲವರನ್ನು ಪಡೆದುದು ಇಲ್ಲಿಯೇ ಎಂದೂ ಸ್ಥಳದ ಜನರು ನಂಬಿಕೊಂಡು ಬಂದಿದ್ದಾರೆ. ಬೆಟ್ಟದ ಮೇಲೆ ಸೀತೆಯ ಗುಡಿಯುಂಟು. ಕೆಳಗೆ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಈಶ್ವರಾಲಯಗಳು ನೊಳಂಬರ ಕಾಲದ ಶಿಲ್ಪವನ್ನು ಇಂದಿಗೂ ತೋರಿಸುತ್ತ ನಿಂತಿವೆ. ಪುರಾಣವನ್ನು ಭಕ್ತರಿಗೆ ಬಿಟ್ಟು ಕಲ್ಲಿನ ಬರಹವನ್ನು ಮಾತ್ರ ಪ್ರಮಾಣವಾಗಿ ಹಿಡಿದರೂ ಆವನಿಯ ಹಿರಿಮೆ ಕುಗ್ಗುವುದಿಲ್ಲ. ರೈಸ್ ಮಹಾಶಯರು ೧೯೦೫ರಲ್ಲಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನಸಂಪುಟದಲ್ಲಿ ಇಲ್ಲಿಯದೊಂದು ಶಾಸನವಿದೆ; ಅದರ ಕಾಲ ಕ್ರಿ. ಶ. ೯೬೧. ತ್ರಿಭುವನಕರ್ತನೆಂಬ ಗುರುವು ಆವನಿಯ ಸ್ಥಾನವನ್ನು ನಲವತ್ತು ವರ್ಷಗಳ ಕಾಲ ಆಳಿ, ಐವತ್ತು ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದನೆಂದು ಅದರಿಂದ ತಿಳಿಯಬರುತ್ತದೆ.

ಐವತ್ತು ಗುಡಿಗಳ ಸಾಲಿನಲ್ಲಿ ಎರಡು ಕೆರೆಗಳನ್ನೂ ಎಣಿಸಿರುವುದು ಗಮನಾರ್ಹವಾದುದು. ಬಯಲುಸೀಮೆಯಲ್ಲಿ ಕೆರೆ ಕಟ್ಟುವುದು ದೇವಾಲಯ ಕಟ್ಟಿದಷ್ಟೇ ಪುಣ್ಯಕಾರ್ಯವೆಂದು ನಮ್ಮ ಹಿರಿಯರು ತಿಳಿದಿದ್ದರು. ಆದರೆ ಕಟ್ಟಿದ ಕೆರೆಯಲ್ಲಿ ವರ್ಷವರ್ಷವೂ ಹೂಳು ತುಂಬುವುದು, ಏರಿ ಕುಸಿಯುವುದು, ತೂಬು ಸಡಿಲವಾಗುವುದು. ಇದನ್ನು ಬಲ್ಲವರಾದುದರಿಂದಲೇ ಅವರು ಕೆರೆಯೊಡನೆ ಕೆರೆಯ ರಕ್ಷಣೆಗೂ ಏರ್ಪಾಡು ಮಾಡುತ್ತಿದ್ದರು. ಕನ್ನಡ ಶಾಸನಗಳಲ್ಲಿ ಬಿತ್ತುವಟ್ಟ, ದಸವಂದ, ಕಟ್ಟುಕೊಡಗೆ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕೆರೆಯನ್ನು ಕಟ್ಟಿದವರಿಗೂ, ಅದನ್ನು ದುರಸ್ತಿಯಲ್ಲಿಟ್ಟು ಹೂಳೆತ್ತಿಸುವವರಿಗೂ ಬಿಟ್ಟುಕೊಟ್ಟ ಭೂಮಿಯ ಅಥವಾ ಆದಾಯದ ಹೆಸರುಗಳಿವು. ಇಂತಹ ದತ್ತಿಯನ್ನು ಕೆಡಿಸಿದವರಿಗೆ ಮಹಾಪಾತಕಗಳು ತಟ್ಟುವುವೆಂಬ ಶಾಪವಾಕ್ಯವನ್ನು ಕೊನೆಯಲ್ಲಿ ಕೆತ್ತಿಸುವುದೂ ವಾಡಿಕೆಯಾಗಿದ್ದಿತು. ಭೂಮಿಯನ್ನು ಅಗೆದು ಒಂದು ಪ್ರಯೋಜನವನ್ನು ಪಡೆಯುವವನು, ಆ ಅಗೆತದಿಂದ ಮುಂದೆ ಒದಗುವ ಕೆಲಸಕ್ಕೂ ಹೊಣೆಗಾರನೆಂಬುದು ಈ ಏರ್ಪಾಡಿನ ತಾತ್ಪರ್ಯ.

ಆವನಿಯಿಂದ ದಕ್ಷಿಣಕ್ಕೆ ಸುಮಾರು ಹತ್ತು ಹನ್ನೆರಡು ಮೈಲಿಗಳ ದೂರದಲ್ಲಿ ಈ ಸೀಮೆಯ ಮತ್ತೊಂದು ದೊಡ್ಡ ಅಗೆತವಿದೆ. ಅದು ಕೋಲಾರದ ಚಿನ್ನದ ಗಣಿ. ೧೮೦೨ರಲ್ಲಿ ಮೈಸೂರು ಸೀಮೆಯ ಗಡಿಗಳನ್ನು ಅಳೆಯಲು ಬಂದ ವಾರನ್ ಎಂಬ ಸೈನ್ಯಾಧಿಕಾರಿಯು ಇಲ್ಲಿಯ ಹಳ್ಳಿಗರು ಮಣ್ಣನ್ನು ತೊಳೆದು ಚಿನ್ನ ತೆಗೆಯುತ್ತಿದ್ದುದನ್ನು ಕಂಡು ಬರೆದಿಟ್ಟನು. ೧೮೭೦ರ ದಶಕದಲ್ಲಿ ಲವೆಲ್ ಎಂಬಾತನು ಸರ್ಕಾರದ ಅಪ್ಪಣೆ ಪಡೆದು ಗಣಿಗೆ ಕೈಹಾಕಿದನು. ೧೮೮೦ರಲ್ಲಿ ಜಾನ್ ಟೇಲರ್ ಕಂಪನಿಯವರ ಕೈಗೆ ಬಂದ ಮೇಲೆ ಕೆಲಸವು ವೇಗವಾಗಿ ಬೆಳೆಯಿತು. ೧೯೦೨ರಲ್ಲಿ ಕಾವೇರಿಯ ಶಿವನಸಮುದ್ರದಿಂದ ವಿದ್ಯುಚ್ಛಕ್ತಿಯು ಬಂದುದು ಈ ಗಣಿಗಾಗಿಯೇ. ೧೯೫೬ರಲ್ಲಿ ಮೈಸೂರು ಸರ್ಕಾರವೂ, ಅನಂತರ ಕೇಂದ್ರ ಸರ್ಕಾರವೂ ಇದನ್ನು ವಹಿಸಿಕೊಂಡುವು. ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸರ್ಕಾರಿ ಸಂಸ್ಥೆ ಹುಟ್ಟಿತು. ಮೂರು ಕಿಲೋಮೀಟರಿಗೂ ಮೀರಿದ ಆಳಕ್ಕೆ ಇಳಿದು, ಒಟ್ಟಿನಲ್ಲಿ ಸುಮಾರು ೮೦೦ ಟನ್ನುಗಳಷ್ಟು ಚಿನ್ನವನ್ನು ಕೊಟ್ಟ ಈ ಗಣಿಯು ೨೦೦೧ರ ಫೆಬ್ರವರಿಯ ಕೊನೆಯ ದಿನ ಮುಚ್ಚಲ್ಪಟ್ಟಿತು.

ಚಿನ್ನವು ಹೊರಟುಹೋಯಿತು, ಅದನ್ನು ಸುತ್ತಿಕೊಂಡಿದ್ದ ಕಲ್ಲು ಇಲ್ಲಿಯೇ ಉಳಿಯಿತು. ಕೆಲವು ಗ್ರಾಂ ಚಿನ್ನಕ್ಕಾಗಿ ಒಂದು ಟನ್ನು ಕಲ್ಲನ್ನು ಹಿಟ್ಟಾಗಿ ಅರೆದು, ಸಯನೈಡು ಬೆರೆಸಿದ ನೀರಿನಲ್ಲಿ ಕರಗಿಸಿ, ಚಿನ್ನವನ್ನು ಬೇರ್ಪಡಿಸುವುದು ಇಲ್ಲಿಯ ಕ್ರಮವಾಗಿದ್ದಿತು. ಹಾಗೆ ಚಿನ್ನವನ್ನು ಕಳೆದುಕೊಂಡ ಹಿಟ್ಟು ಹದಿಮೂರು ದಿಣ್ಣೆಗಳಾಗಿ ಬೆಳೆದು ಬೆಟ್ಟಗಳಂತೆ ನಿಂತಿದೆ. ಅದರ ಒಟ್ಟು ತೂಕ ಮೂರು ಕೋಟಿ ಟನ್ನುಗಳಿಗೂ ಹೆಚ್ಚು. ಜನರು ಇವನ್ನು ಸಯನೈಡು ಗುಡ್ಡಗಳೆಂದು ಕರೆಯುತ್ತಾರೆ. ಸಯನೈಡು ಬಿಸಿಲು ಗಾಳಿಗಳಲ್ಲಿ ಕಾಲಕ್ರಮದಿಂದ ಒಡೆದುಹೋಗತಕ್ಕ ವಸ್ತು. ಆದರೆ ಅದಿರಿನೊಡನೆ ಮೇಲೆ ಬಂದ ಗಂಧಕಯುಕ್ತ ಖನಿಜಗಳೂ ಲೋಹಾಂಶಗಳೂ ಹಾಗೆ ಒಡೆದುಹೋಗುವುದಿಲ್ಲ. ನುಣ್ಣನೆಯ ಸಿಲಿಕದ ಧೂಳು ಬೇಸಗೆಯ ಗಾಳಿಗೆ ಎದ್ದು ಮನೆಗಳ ಮೇಲೆ ಬೀಳುತ್ತದೆ. ಈ ಧೂಳಿನ ಗುಣವನ್ನು ಗಣಿಯ ಕೆಲಸಗಾರರು ತಮ್ಮ ಶ್ವಾಸಕೋಶಗಳಿಂದಲೇ ಅರಿತಿದ್ದರು. ೧೯೪೦ರ ದಶಕದಲ್ಲಿ ಏಳು ಸಾವಿರಕ್ಕೂ ಮಿಕ್ಕ ಕೆಲಸಗಾರರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಎಂಬ ಶ್ವಾಸಕೋಶರೋಗವು ಕಂಡುಬಂದಿತು. ಕಣ್ಣಿಗೆ ಕಾಣದ ಮಲಿನತೆಯನ್ನು ಎಣಿಸಿ ಬರೆದಿಡುವ ಕೆಲಸವು ಕೋಲಾರಕ್ಕೆ ಹೊಸದಲ್ಲವೆಂಬುದನ್ನು ಇದು ತೋರಿಸುತ್ತದೆ.

ಇದೇ ಗಣಿಯು ಇಪ್ಪತ್ತನೆಯ ಶತಮಾನದ ಭೌತವಿಜ್ಞಾನದಲ್ಲಿಯೂ ಒಂದು ಹೆಸರನ್ನು ಪಡೆಯಿತು. ಆಕಾಶದಿಂದ ವಿಶ್ವಕಿರಣಗಳೆಂಬ ಕಣಗಳು ಹಗಲೂ ರಾತ್ರಿಯೂ ಭೂಮಿಯ ಮೇಲೆ ಸುರಿಯುತ್ತಿರುತ್ತವೆ. ಅವುಗಳ ಗದ್ದಲದಲ್ಲಿ ನ್ಯೂಟ್ರಿನೊ ಎಂಬ ಅತಿಸೂಕ್ಷ್ಮ ಕಣದ ಗುರುತನ್ನು ಹಿಡಿಯುವುದು, ಜಾತ್ರೆಯ ನಡುವೆ ಪಿಸುಮಾತನ್ನು ಕೇಳಿದಂತೆ, ಅಸಾಧ್ಯವಾದ ಕಾರ್ಯ. ಎರಡು ಕಿಲೋಮೀಟರಿಗೂ ದಪ್ಪನಾದ ಬಂಡೆಯ ಕೆಳಗೆ ಹೋದರೆ ಗದ್ದಲವು ಬಹುಮಟ್ಟಿಗೆ ಅಡಗುವುದು. ಆದುದರಿಂದ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ, ಜಪಾನಿನ ಒಸಾಕ, ಇಂಗ್ಲೆಂಡಿನ ಡರಂ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಕೂಡಿ ಚಾಂಪಿಯನ್ ರೀಫ್ ಗಣಿಯ ಆಳದಲ್ಲಿ ಉಪಕರಣಗಳನ್ನು ನಿಲ್ಲಿಸಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತುಗಳನ್ನು ೧೯೬೫ರಲ್ಲಿ ಕಂಡರು. ಇವರಲ್ಲಿ ಎಂ. ಜಿ. ಕೆ. ಮೆನನ್ ಮತ್ತು ಬಿ. ವಿ. ಶ್ರೀಕಂಠನ್ ಅವರ ಹೆಸರುಗಳು ನಮ್ಮವರಿಗೆ ಸುಪರಿಚಿತ. ಈ ಉಪಕರಣಗಳು ಹೊರಗಿನಿಂದ ಬರುವ ಕಣಗಳನ್ನು ಎಣಿಸತಕ್ಕವೇ ಹೊರತು ತಾವಾಗಿ ವಿಷವನ್ನು ಉಂಟುಮಾಡತಕ್ಕವಲ್ಲ. ಪ್ರಯೋಗಗಳು ೧೯೯೨ರಲ್ಲಿ ನಿಂತುವು.

ಮೇಲಿನಿಂದ ಬರುವ ಕಿರಣಗಳನ್ನು ತಡೆಯಬಲ್ಲ ಬಂಡೆಯು ಕೆಳಗೆ ಹೂತಿಟ್ಟ ಕಿರಣಗಳನ್ನೂ ತಡೆದೀತೇ ಎಂಬ ಪ್ರಶ್ನೆಯೂ ಇದೇ ಗಣಿಯಲ್ಲಿ ಎದ್ದುದು ವಿಚಿತ್ರವಾದರೂ ನಿಜ. ಪರಮಾಣುಸ್ಥಾವರಗಳಲ್ಲಿ ಉರಿದು ಹೊರಬಂದ ಇಂಧನದಿಂದ ಉಪಯುಕ್ತಾಂಶಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ತೀಕ್ಷ್ಣವಾದ ಶೇಷವನ್ನು ಭಾರತದಲ್ಲಿ ಗಾಜಿನೊಡನೆ ಕರಗಿಸಿ ಗಟ್ಟಿಮಾಡಿ ಇಡುತ್ತಾರೆ. ಆ ಗಾಜು ಬಹುಕಾಲ ಬಿಸಿಯಾಗಿಯೇ ಇರುತ್ತದೆ. ಅದನ್ನು ಮುಂದೊಂದು ದಿನ ಆಳವಾದ ಬಂಡೆಯಲ್ಲಿ ಹೂಳಬೇಕಾದರೆ, ಆ ಬಿಸಿಗೆ ಬಂಡೆಯು ಹಿಗ್ಗುವುದೋ ಬಿರಿಯುವುದೋ ಎಂಬುದನ್ನು ಮೊದಲು ತಿಳಿಯಬೇಕು. ಇದಕ್ಕಾಗಿ ೧೯೮೦ರ ದಶಕದಲ್ಲಿ ಪರಮಾಣು ಇಲಾಖೆಯ ವಿಜ್ಞಾನಿಗಳು ಕೋಲಾರದ ಗಣಿಯಲ್ಲಿ, ಕೆಲಸ ನಿಂತಿದ್ದ ಭಾಗವೊಂದರಲ್ಲಿ, ಸುಮಾರು ಒಂದು ಸಾವಿರ ಮೀಟರು ಆಳದಲ್ಲಿ ವಿದ್ಯುತ್ತಿನ ಕಾವುಗೋಲುಗಳನ್ನು ಬಂಡೆಯೊಳಗೆ ಇಳಿಸಿ ಎಂಟು ವರ್ಷಗಳ ಕಾಲ ಪರೀಕ್ಷೆ ನಡೆಸಿದರು. ಅಲ್ಲಿ ಇಟ್ಟುದು ಕಾವು ಮಾತ್ರ, ವಿಕಿರಣಶೀಲ ವಸ್ತುವಲ್ಲ. ಈ ಭೇದವು ಮುಂದಿನ ಕಥೆಗೆ ಮುಖ್ಯವಾದುದು.

ವಿಕಿರಣಶೀಲ ವಸ್ತುವೆಂದರೆ ತನ್ನಷ್ಟಕ್ಕೆ ತಾನೇ ಕಿರಣಗಳನ್ನು ಸೂಸುತ್ತ ಬೇರೊಂದು ವಸ್ತುವಾಗಿ ಮಾರ್ಪಡತಕ್ಕದ್ದು. ಬೆಂಕಿಯಿಂದ ಸುಡುವುದರಿಂದಾಗಲಿ ಔಷಧಿಯಿಂದ ತೊಳೆಯುವುದರಿಂದಾಗಲಿ ಅದರ ಕಿರಣಗಳು ನಿಲ್ಲುವುದಿಲ್ಲ. ಕಾಲವೊಂದೇ ಅದಕ್ಕೆ ಮದ್ದು. ಇರುವ ಪರಮಾಣುಗಳಲ್ಲಿ ಅರ್ಧದಷ್ಟು ಮಾರ್ಪಡಲು ಹಿಡಿಯುವ ಕಾಲಕ್ಕೆ ಅರ್ಧಾಯುಷ್ಯವೆಂದು ಹೆಸರು. ಈ ಕಾಲಗಳ ವ್ಯಾಪ್ತಿಯನ್ನು ಗ್ರಹಿಸಲು ಆವನಿಯ ಶಾಸನಕ್ಕಿಂತ ಉತ್ತಮವಾದ ಅಳತೆಗೋಲು ಈ ಸೀಮೆಯವರಿಗೆ ದೊರೆಯಲಾರದು. ತ್ರಿಭುವನಕರ್ತನ ಕಾಲದಲ್ಲಿ ಸೀಸಿಯಂ ೧೩೭ ಎಂಬ ವಸ್ತುವನ್ನು ಹೂತಿಟ್ಟಿದ್ದರೆ, ಅದರ ಅರ್ಧಾಯುಷ್ಯ ೩೦ ವರ್ಷಗಳಾದುದರಿಂದ, ಮೂರು ನೂರು ವರ್ಷಗಳಲ್ಲಿ ಸಾವಿರದಲ್ಲಿ ಒಂದು ಪಾಲಾಗಿ, ವಿಜಯನಗರವು ಹುಟ್ಟುವ ಮೊದಲೇ ಬಹುಮಟ್ಟಿಗೆ ಸವೆದುಹೋಗಿರುತ್ತಿತ್ತು. ಅರ್ಧಾಯುಷ್ಯ ೧,೬೦೦ ವರ್ಷಗಳುಳ್ಳ ರೇಡಿಯಂ ಆಗಿದ್ದರೆ ಇಂದಿಗೂ ಮೂರರಲ್ಲಿ ಎರಡು ಪಾಲಿನಷ್ಟು ಉಳಿದಿರುತ್ತಿತ್ತು. ಪ್ಲುಟೋನಿಯಂ ೨೩೯ ಆಗಿದ್ದರೆ, ಅದರ ಅರ್ಧಾಯುಷ್ಯ ಸುಮಾರು ೨೪,೧೦೦ ವರ್ಷಗಳಾದುದರಿಂದ, ನೂರಕ್ಕೆ ೯೭ ಪಾಲು ಹಾಗೆಯೇ ಇರುತ್ತಿತ್ತು. ಆ ಗುರುವು ಕಟ್ಟಿಸಿದ ಐವತ್ತು ಗುಡಿಗಳೆಲ್ಲ ಉಳಿದಿಲ್ಲ. ಅವನ ಕಾಲದ ಲಿಪಿಯನ್ನು ಓದಬಲ್ಲವರು ಇಂದು ವಿರಳ. ಸಾವಿರ ವರ್ಷಗಳ ಮೇಲೆ ಬರುವವರಿಗೆ ಒಂದು ಎಚ್ಚರಿಕೆಯನ್ನು ತಲಪಿಸುವುದು ಎಷ್ಟು ಕಷ್ಟವೆಂಬುದನ್ನು ಇದರಿಂದಲೇ ಊಹಿಸಬಹುದು.

ಕಾವುಗೋಲಿನ ಪರೀಕ್ಷೆ ಮುಗಿದು ಗಣಿಯೂ ಮುಚ್ಚಿದ ಮೇಲೆ, ೨೦೧೨ರ ನವೆಂಬರಿನಲ್ಲಿ, ಕೋಲಾರದ ಹೆಸರು ಅನಿರೀಕ್ಷಿತವಾಗಿ ದೇಶದ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ತಮಿಳುನಾಡಿನ ಕೂಡಂಕುಳಂ ಪರಮಾಣುಸ್ಥಾವರದ ಮೇಲಣ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದಲ್ಲಿ ನಡೆಯುತ್ತಿದ್ದಾಗ, ಅಲ್ಲಿಯ ತ್ಯಾಜ್ಯವನ್ನು ಕೊನೆಗೆ ಎಲ್ಲಿ ಇಡುವುದೆಂಬ ಪ್ರಶ್ನೆಗೆ ಉತ್ತರವಾಗಿ ಕೋಲಾರದ ಪಾಳುಗಣಿಯ ಪ್ರಸ್ತಾಪ ಬಂದಿತು. ಸುದ್ದಿ ತಿಳಿದೊಡನೆ ಗಣಿಪ್ರದೇಶದಲ್ಲಿಯೂ ಜಿಲ್ಲೆಯಲ್ಲಿಯೂ ಜನರು ಬೀದಿಗಿಳಿದರು. ಪಕ್ಷಭೇದವಿಲ್ಲದೆ ವಿರೋಧವು ವ್ಯಕ್ತವಾಯಿತು. ಕೆಲವೇ ದಿನಗಳಲ್ಲಿ, ಅಂತಹ ಯೋಜನೆ ಯಾವುದೂ ಇಲ್ಲವೆಂದು ಕೇಂದ್ರದ ಕಡೆಯಿಂದ ಸ್ಪಷ್ಟೀಕರಣವು ಹೊರಟಿತು. ೨೦೧೩ರ ಮೇ ೬ರಂದು ನ್ಯಾಯಾಲಯವು ಸ್ಥಾವರಕ್ಕೆ ಅನುಮತಿಯನ್ನು ಎತ್ತಿಹಿಡಿದು ಸುರಕ್ಷತೆಗೆ ಸಂಬಂಧಿಸಿದ ಹಲವು ನಿರ್ದೇಶಗಳನ್ನು ಕೊಟ್ಟಿತು. ಕೋಲಾರಕ್ಕೆ ಒಂದು ಪೀಪಾಯಿಯೂ ಬರಲಿಲ್ಲ.

ಈ ಪ್ರಸಂಗವನ್ನು ಅಜ್ಞಾನದಿಂದ ಹುಟ್ಟಿದ ಭಯವೆಂದು ತಳ್ಳಿಹಾಕಿದವರುಂಟು. ಅದು ನ್ಯಾಯವಲ್ಲ. ಅರ್ಧಾಯುಷ್ಯದ ಲೆಕ್ಕವು ಜನರಿಗೆ ತಿಳಿಯದೆ ಇದ್ದಿರಬಹುದು. ಆದರೆ ಗಣಿಯಿಂದ ಲಾಭ ಪಡೆದವರು ಹೊರಟುಹೋದ ಮೇಲೆ ಅದರ ಕಸವನ್ನು ಯಾರೂ ತೆಗೆಯಲಿಲ್ಲವೆಂಬುದು ಅವರಿಗೆ ಚೆನ್ನಾಗಿ ತಿಳಿದಿದ್ದಿತು. ಮನೆಯ ಬಾಗಿಲು ತೆರೆದರೆ ಕಾಣುವ ಬಿಳಿಯ ಗುಡ್ಡವೇ ಅದಕ್ಕೆ ಸಾಕ್ಷಿ. ಹನ್ನೊಂದು ವರ್ಷಗಳಲ್ಲಿ ಒಂದು ಬಗೆಯ ಶೇಷವನ್ನು ನೋಡಿಕೊಳ್ಳಲಾರದವರು ಹತ್ತು ಸಾವಿರ ವರ್ಷಗಳ ಕಾಲ ಮತ್ತೊಂದನ್ನು ನೋಡಿಕೊಳ್ಳುವರೆಂದು ನಂಬುವುದು ಹೇಗೆ ಎಂಬುದು ಅವರ ಪ್ರಶ್ನೆಯ ಸಾರ. ಪಾಳುಬಿದ್ದ ಗಣಿಯನ್ನು ಬರಿಯ ಖಾಲಿ ಪಾತ್ರೆಯೆಂದು ಭಾವಿಸುವುದು ದೂರದಲ್ಲಿರುವವರಿಗೆ ಮಾತ್ರ ಸಾಧ್ಯ.

ಇದು ಕೇವಲ ಊಹೆಯ ಮಾತಲ್ಲವೆಂಬುದಕ್ಕೆ ಜರ್ಮನಿಯ ಆಸೆ ಎಂಬ ಗಣಿಯ ಚರಿತ್ರೆಯು ನಿದರ್ಶನವಾಗಿದೆ. ಲೋವರ್ ಸ್ಯಾಕ್ಸನಿ ಪ್ರಾಂತದ ಈ ಗಣಿಯಲ್ಲಿ ೧೯೦೯ರಿಂದ ೧೯೬೪ರ ವರೆಗೆ ಉಪ್ಪನ್ನು ಅಗೆಯುತ್ತಿದ್ದರು. ಕೆಲಸ ನಿಂತ ಮೇಲೆ ಸರ್ಕಾರವು ಅದನ್ನು ಕೊಂಡು, ಸಂಶೋಧನೆಯ ಹೆಸರಿನಲ್ಲಿ, ೧೯೬೭ರಿಂದ ೧೯೭೮ರ ವರೆಗೆ ಕಡಮೆ ಮತ್ತು ಮಧ್ಯಮ ತೀಕ್ಷ್ಣತೆಯ ವಿಕಿರಣಶೀಲ ತ್ಯಾಜ್ಯದ ಸುಮಾರು ೧,೨೬,೦೦೦ ಪೀಪಾಯಿಗಳನ್ನು ಅದರೊಳಗೆ ಇಳಿಸಿತು. ಉಪ್ಪಿನ ಪದರವು ಒಣಗಿರುವುದು, ಅದರೊಳಗೆ ನೀರು ಬರಲಾರದು ಎಂಬುದು ಆಗಿನ ನಂಬಿಕೆ. ಅದೇ ಬೆಟ್ಟದ ಮತ್ತೊಂದು ಬಾವಿಯು ೧೯೦೬ರಷ್ಟು ಹಿಂದೆಯೇ ನೀರು ತುಂಬಿ ಹಾಳಾಗಿದ್ದುದನ್ನು ಗಣ್ಯಮಾಡಲಿಲ್ಲ. ೧೯೮೮ರಿಂದ ಗೋಡೆಗಳಲ್ಲಿ ಉಪ್ಪುನೀರು ಜಿನುಗತೊಡಗಿತು. ದಿನಕ್ಕೆ ಸುಮಾರು ಹನ್ನೆರಡು ಸಾವಿರ ಲೀಟರುಗಳಷ್ಟು ನೀರನ್ನು ಹಿಡಿದು ಹೊರಹಾಕಬೇಕಾಯಿತು. ವಿಕಿರಣಶೀಲಾಂಶ ಬೆರೆತ ಉಪ್ಪುನೀರು ಗಣಿಯೊಳಗಿರುವುದು ೨೦೦೮ರಲ್ಲಿ ಬಹಿರಂಗವಾದಾಗ ದೇಶವೇ ಕಳವಳಗೊಂಡಿತು. ಇಟ್ಟುದನ್ನೆಲ್ಲ ಮತ್ತೆ ಮೇಲಕ್ಕೆ ತೆಗೆಯಬೇಕೆಂದು ೨೦೧೩ರಲ್ಲಿ ಕಾನೂನೇ ಆಯಿತು. ಹನ್ನೊಂದು ವರ್ಷಗಳಲ್ಲಿ ಇಳಿಸಿದುದನ್ನು ಎತ್ತುವುದಕ್ಕೆ ಹಲವು ದಶಕಗಳು ಬೇಕೆಂದು ಅಲ್ಲಿಯ ಅಧಿಕಾರಿಗಳೇ ಎಣಿಸಿದ್ದಾರೆ. ಇದಕ್ಕೆ ವಿರುದ್ಧವಾಗಿ, ಫಿನ್ಲೆಂಡು ದೇಶದವರು ಓಲ್ಕಿಲುವೊಟೊ ಎಂಬಲ್ಲಿ ಹಳೆಯ ಗಣಿಯ ಆಸೆಯನ್ನು ಬಿಟ್ಟು, ಹಲವು ವರ್ಷಗಳ ಪರೀಕ್ಷೆಯಿಂದ ಆರಿಸಿದ ಬಂಡೆಯಲ್ಲಿ ಈ ಕಾರ್ಯಕ್ಕೆಂದೇ ೨೦೦೪ರಿಂದ ಹೊಸ ಸುರಂಗವನ್ನು ಕೊರೆದಿದ್ದಾರೆ.

ಕೋಲಾರದ ಗಣಿಯನ್ನು ಈ ದೃಷ್ಟಿಯಿಂದ ನೋಡಿದರೆ ಜನರ ಸಂಶಯಕ್ಕೆ ಭೂಮಿಯೇ ಬೆಂಬಲ ಕೊಡುತ್ತದೆ. ನೂರಿಪ್ಪತ್ತು ವರ್ಷಗಳ ಕಾಲ ಒಳಗೊಳಗೆ ಕೊರೆದ ಸುರಂಗಗಳಿಂದ ಅಲ್ಲಿಯ ಬಂಡೆಯು ಜರ್ಜರಿತವಾಗಿದೆ. ಮೇಲಣ ಭಾರವನ್ನು ತಡೆಯಲಾರದೆ ಕಲ್ಲು ಸಿಡಿಗುಂಡಿನಂತೆ ಸಿಡಿದು ಕೆಲಸಗಾರರನ್ನು ಬಲಿ ತೆಗೆದುಕೊಳ್ಳುತ್ತಿದ್ದುದು ಆ ಗಣಿಯ ಹಳೆಯ ಶಾಪ. ೨೦೦೧ರಲ್ಲಿ ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿತು. ಬಂಡೆಯು ಎಷ್ಟೇ ಗಟ್ಟಿಯಾಗಿದ್ದರೂ ಅದರಲ್ಲಿ ದಾರಿ ಮಾಡಿದ ಮೇಲೆ ನೀರಿಗೂ ದಾರಿಯಾಗುವುದು. ಒಂದು ಪರೀಕ್ಷೆಗೆ ಅನುಕೂಲವಾದ ಸ್ಥಳವು ಶಾಶ್ವತವಾದ ನಿಕ್ಷೇಪಕ್ಕೂ ಅನುಕೂಲವೆಂದು ಹೇಳಲಾಗದು.

ಒಮ್ಮೆ ಕೆಟ್ಟ ನೆಲವನ್ನು ಶುದ್ಧಿಮಾಡುವುದೆಂದರೇನು, ಶುದ್ಧವಾಯಿತೆಂದು ಹೇಳುವ ಅಧಿಕಾರ ಯಾರಿಗೆ ಎಂಬುದನ್ನು ಆಸ್ಟ್ರೇಲಿಯದ ಮರಳಿಂಗ ಎಂಬ ಪ್ರದೇಶವು ಜಗತ್ತಿಗೆ ಕಲಿಸಿತು. ೧೯೫೬ರಿಂದ ೧೯೬೩ರ ವರೆಗೆ ಬ್ರಿಟಿಷರು ಅಲ್ಲಿ ಪರಮಾಣು ಬಾಂಬುಗಳನ್ನೂ, ಅವುಗಳ ಭಾಗಗಳನ್ನೂ ಪರೀಕ್ಷಿಸಿದರು. ಚಿಕ್ಕ ಪರೀಕ್ಷೆಗಳೆಂದು ಕರೆಯಲ್ಪಟ್ಟ ಕೆಲವುಗಳಿಂದಲೇ ಸುಮಾರು ೨೨ ಕಿಲೋಗ್ರಾಂ ಪ್ಲುಟೋನಿಯಂ ಮರಳಿನಲ್ಲಿ ಚೆದುರಿತು. ೧೯೬೭ರಲ್ಲಿ ಹೊರಡುವ ಮೊದಲು ಅವರು ಮೇಲುಮಣ್ಣನ್ನು ಉತ್ತು ಕೆಳಕ್ಕೆ ತಿರುವಿ, ಗುಂಡಿಗಳಿಗೆ ಕಾಂಕ್ರೀಟಿನ ಮುಚ್ಚಳ ಹಾಕಿ, ನೆಲವು ಶುದ್ಧವಾಯಿತೆಂದು ವರದಿ ಬರೆದರು. ಆಸ್ಟ್ರೇಲಿಯ ಸರ್ಕಾರವು ಅದನ್ನು ಮರುವರ್ಷವೇ ಒಪ್ಪಿಕೊಂಡಿತು. ೧೯೮೪ರಲ್ಲಿ ಆ ದೇಶದ ವಿಜ್ಞಾನಿಗಳು ಸ್ವತಃ ಹೋಗಿ ಅಳೆದಾಗ ವರದಿಯಲ್ಲಿ ಹೇಳಿದುದಕ್ಕಿಂತ ಬಹಳ ಹೆಚ್ಚು ಪ್ಲುಟೋನಿಯಂ ನೆಲದ ಮೇಲೆಯೇ ಬಿದ್ದಿರುವುದು ಕಂಡುಬಂದಿತು. ಆಮೇಲೆ ರಾಜಕೀಯ ವಿಚಾರಣಾ ಆಯೋಗವು ಕುಳಿತು, ೧೯೯೦ರ ದಶಕದ ಉತ್ತರಾರ್ಧದಲ್ಲಿ ಹೊಸದಾಗಿ ಶುದ್ಧೀಕರಣವು ನಡೆದು, ಮೂರೂವರೆ ಲಕ್ಷ ಘನಮೀಟರುಗಳಷ್ಟು ಮಣ್ಣನ್ನು ಕೆತ್ತಿ ಆಳವಾದ ಕಂದಕಗಳಲ್ಲಿ ಹೂಳಬೇಕಾಯಿತು. ತಲೆತಲಾಂತರದಿಂದ ಅಲ್ಲಿದ್ದ ಮೂಲನಿವಾಸಿಗಳಿಗೆ ಆ ಭೂಮಿಯು ೨೦೦೯ರಲ್ಲಿ ಹಿಂದಿರುಗಿತು. ಹೂಳನ್ನು ನೀರಿನ ಕೆಳಗೆ ಕಾಣದಂತೆ ಬಿಟ್ಟು ಕೆರೆಯು ತುಂಬಿದೆಯೆಂದು ಹೇಳುವುದಕ್ಕೂ ಮೊದಲನೆಯ ಶುದ್ಧೀಕರಣಕ್ಕೂ ಭೇದವಿರಲಿಲ್ಲ.

ಇಂತಹ ಅನುಭವಗಳಿಂದ ಈ ಕೆಲಸಕ್ಕೆ ಒಂದು ಶಾಸ್ತ್ರವು ಬೆಳೆದಿದೆ. ಮೊದಲು ಆ ಸ್ಥಳದ ಹಳೆಯ ಕಾಗದಪತ್ರಗಳನ್ನು ಓದಿ, ಅಲ್ಲಿ ದುಡಿದವರನ್ನು ವಿಚಾರಿಸಿ, ಎಲ್ಲೆಲ್ಲಿ ಏನನ್ನು ಬಳಸಿದರು, ಎಲ್ಲಿ ಚೆಲ್ಲಿದರು ಎಂಬುದನ್ನು ಪಟ್ಟಿಮಾಡಬೇಕು. ಅನಂತರ ನೆಲವನ್ನು ಚದುರಂಗದ ಮನೆಗಳಂತೆ ಭಾಗಿಸಿ, ಒಂದೊಂದು ಮನೆಯಲ್ಲಿಯೂ ಗೈಗರ್ ಮಾಪಕ ಮೊದಲಾದ ಉಪಕರಣಗಳಿಂದ ಕಿರಣಗಳನ್ನು ಎಣಿಸಿ, ಮಣ್ಣನ್ನೂ ಬಾವಿಯ ನೀರನ್ನೂ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಬೇಕು. ನೆಲಕ್ಕೆ ಸಹಜವಾದ ವಿಕಿರಣವೂ ಉಂಟು; ಕೇರಳದ ಕೊಲ್ಲಂ ಕಡಲತೀರದ ಮರಳಿನಲ್ಲಿ ಮೊನಜೈಟ್ ಖನಿಜದಿಂದಾಗಿ ಅದು ಹೆಚ್ಚಾಗಿಯೇ ಇದೆ. ಆದುದರಿಂದ ಕೆಡದ ನೆರೆಯ ನೆಲವನ್ನೂ ಅಳೆದು ಹೋಲಿಸಿದಲ್ಲದೆ ಮಾಪಕದ ಅಂಕಿಗೆ ಅರ್ಥವಿಲ್ಲ. ಆಮೇಲೆ ಕೆಟ್ಟ ಮಣ್ಣನ್ನು ತೆಗೆದು, ಬಿಗಿಯಾಗಿ ಕಟ್ಟಿ, ಕಾವಲಿರುವ ನಿಕ್ಷೇಪಕ್ಕೆ ಸಾಗಿಸಿ, ಮತ್ತೊಮ್ಮೆ ಅಳೆಯಬೇಕು; ಈ ಕೊನೆಯ ಅಳತೆಯನ್ನು ಶುದ್ಧಿಮಾಡಿದವರಲ್ಲದೆ ಬೇರೆಯವರೂ ಪರೀಕ್ಷಿಸತಕ್ಕದ್ದು. ಇಷ್ಟಾದರೂ ವಿಷವು ನಾಶವಾಯಿತೆಂದಲ್ಲ. ಮನುಷ್ಯರಿಲ್ಲದ, ಗೊತ್ತಾದ ಒಂದು ಸ್ಥಳಕ್ಕೆ ಹೋಯಿತೆಂದು ಮಾತ್ರ ಅರ್ಥ. ಶುದ್ಧೀಕರಣದ ಫಲವು ನಿಲ್ಲುವುದು ಆ ಗೊತ್ತಿನ ಮೇಲೆಯೇ.

ಆ ಗೊತ್ತು ತಪ್ಪಿದರೆ ಏನಾಗುವುದೆಂಬುದು ನಮ್ಮ ದೇಶದ ರಾಜಧಾನಿಯಲ್ಲಿಯೇ ಕಂಡುಬಂದಿದೆ. ದೆಹಲಿಯ ವಿಶ್ವವಿದ್ಯಾಲಯದಲ್ಲಿ ಕೋಬಾಲ್ಟ್ ೬೦ ತುಂಬಿದ ಒಂದು ಯಂತ್ರವು ೧೯೮೫ರಿಂದ ಉಪಯೋಗವಿಲ್ಲದೆ ಮೂಲೆಯಲ್ಲಿದ್ದಿತು. ಅದರೊಳಗೆ ಇರುವುದೇನೆಂಬುದು ಕಾಲು ಶತಮಾನದಲ್ಲಿ ಮರೆತುಹೋಗಿ, ೨೦೧೦ರ ಫೆಬ್ರವರಿಯಲ್ಲಿ ಅದನ್ನು ಹಳೆಯ ಕಬ್ಬಿಣವೆಂದು ಹರಾಜು ಹಾಕಿದರು. ಮಾಯಾಪುರಿಯ ಗುಜರಿಯಲ್ಲಿ ಕೂಲಿಗಾರರು ಅದನ್ನು ಒಡೆದರು. ಏಪ್ರಿಲ್ ತಿಂಗಳಲ್ಲಿ ಕಾರಣ ತಿಳಿಯದ ಸುಟ್ಟಗಾಯಗಳಿಂದ ಅವರು ಆಸ್ಪತ್ರೆ ಸೇರಿದ ಮೇಲೆ ವಿಷಯವು ಹೊರಬಿದ್ದಿತು, ಒಬ್ಬನು ಮೃತನಾದನು. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯವರೂ ಭಾಭಾ ಪರಮಾಣು ಸಂಶೋಧನ ಕೇಂದ್ರದವರೂ ಅಂಗಡಿ ಅಂಗಡಿಗಳನ್ನು ಅಳೆದು, ಚೂರುಗಳನ್ನು ಹುಡುಕಿ ತೆಗೆದು, ಕೆಟ್ಟ ಮಣ್ಣನ್ನು ಕಿತ್ತು ಸಾಗಿಸಿದರು. ಅಲ್ಲಿ ಗಣಿಯೂ ಇರಲಿಲ್ಲ, ಸ್ಥಾವರವೂ ಇರಲಿಲ್ಲ. ಇದ್ದುದು ಮರೆವು ಒಂದೇ. ಆ ಮರೆವಿಗೆ ಇಪ್ಪತ್ತೈದು ವರ್ಷಗಳು ಸಾಕಾದುವು.

ಹೀಗಿರಲು, ಶೇಷವನ್ನು ನೋಡಿಕೊಳ್ಳುವ ಖರ್ಚನ್ನು ಮೊದಲೇ ತೆಗೆದಿರಿಸುವುದು ಹೊಸ ಕಾಲದವರಿಗೂ ಅನಿವಾರ್ಯವೆಂದು ತೋರಿದೆ. ಭಾರತದಲ್ಲಿ ಪರಮಾಣುಸ್ಥಾವರಗಳಿಂದ ಬರುವ ವಿದ್ಯುತ್ತಿನ ಬೆಲೆಯಲ್ಲಿ, ಯೂನಿಟ್ಟಿಗೆ ೨ ಪೈಸೆಯಂತೆ, ಮುಂದೆ ಆ ಸ್ಥಾವರಗಳನ್ನು ಕಳಚಿ ಶುದ್ಧಿಮಾಡುವ ನಿಧಿಗಾಗಿ ಎತ್ತುವ ಪದ್ಧತಿಯನ್ನು ಮಾಡಿದ್ದಾರೆ. ನಮ್ಮ ಕೈಗಾದ ವಿದ್ಯುತ್ತಿಗೂ ಇದು ಅನ್ವಯಿಸುವುದು. ಇದು ಬಿತ್ತುವಟ್ಟದ ನ್ಯಾಯವೇ. ಆ ನಿಧಿಯು ಮುಂದಿನ ಕೆಲಸಕ್ಕೆ ಸಾಕಾಗುವುದೇ ಎಂಬುದು ವಿಚಾರಾರ್ಹವಾದರೂ, ತತ್ತ್ವವನ್ನು ಒಪ್ಪಿದಂತಾಯಿತು. ಇತರ ಖನಿಜಗಳ ಗಣಿಗಳ ವಿಷಯದಲ್ಲಿಯೂ, ಗಣಿಯನ್ನು ಮುಚ್ಚುವ ಕ್ರಮವನ್ನು ಮೊದಲೇ ಬರೆದುಕೊಟ್ಟು ಅದಕ್ಕೆ ಹಣದ ಭದ್ರತೆಯನ್ನು ಒದಗಿಸಬೇಕೆಂದು ೨೦೦೩ರಲ್ಲಿ ನಿಯಮವಾಯಿತು. ಕೋಲಾರದ ಗಣಿಯು ಮುಚ್ಚಿದುದು ಅದಕ್ಕೆ ಎರಡು ವರ್ಷಗಳ ಹಿಂದೆ. ಹತ್ತನೆಯ ಶತಮಾನದ ಕೆರೆಗಳಿಗೆ ಇದ್ದ ನೆಮ್ಮದಿಯು ಇಪ್ಪತ್ತನೆಯ ಶತಮಾನದ ಗಣಿಗೆ ಇಲ್ಲದೆಹೋಯಿತು.

ಈಗ ಆ ಗುಡ್ಡಗಳಿಗೆ ಎರಡನೆಯ ಜನ್ಮವು ಬರುವ ಸೂಚನೆಯಿದೆ. ಹಿಂದಿನವರ ಕ್ರಮದಿಂದ ದಕ್ಕದೆ ಉಳಿದ ಚಿನ್ನವು ಆ ಹಿಟ್ಟಿನಲ್ಲಿ ಇನ್ನೂ ಸ್ವಲ್ಪವಿರುವುದರಿಂದ, ಸಾವಿರ ಎಕರೆಗಳಷ್ಟು ನೆಲವನ್ನು ಆವರಿಸಿರುವ ಹದಿಮೂರು ದಿಣ್ಣೆಗಳನ್ನು ಹರಾಜಿಗೆ ಇಡುವ ಕೇಂದ್ರದ ಸಲಹೆಗೆ ಕರ್ನಾಟಕದ ಸಚಿವಸಂಪುಟವು ೨೦೨೪ರ ಜೂನ್ ತಿಂಗಳಲ್ಲಿ ಒಪ್ಪಿಗೆ ಕೊಟ್ಟಿತು. ಚಿನ್ನ ದೊರೆತರೆ ಸಂತೋಷ. ಗುಡ್ಡಗಳೇ ಕರಗಿದರೆ ಮತ್ತಷ್ಟು ಸಂತೋಷ. ಆದರೆ ಅದಕ್ಕೆ ಮೊದಲು ಆಗಬೇಕಾದ ಕೆಲಸವು ಮರಳಿಂಗದಿಂದಲೂ ಮಾಯಾಪುರಿಯಿಂದಲೂ ಸ್ಪಷ್ಟವಾಗಿದೆ. ಗುಡ್ಡದ ಮಣ್ಣು, ಸುತ್ತಣ ಹಳ್ಳಿಗಳ ಬಾವಿಗಳ ನೀರು, ಬೇಸಗೆಯ ಗಾಳಿಯ ಧೂಳು ಇವನ್ನು ಕೆದಕುವ ಮುನ್ನವೂ ಕೆದಕಿದ ಮೇಲೂ ಅಳೆಯಬೇಕು. ಕೆಲಸ ಹಿಡಿದವರಲ್ಲದೆ ಬೇರೆಯವರೂ ಅಳೆಯಬೇಕು. ಅಳತೆಯನ್ನು ಆ ಹಳ್ಳಿಗಳವರು ಓದಬಲ್ಲ ಭಾಷೆಯಲ್ಲಿ ಬರೆದು, ಅವರ ಪಂಚಾಯತಿಯ ದಫ್ತರದಲ್ಲಿಯೂ ಒಂದು ಪ್ರತಿಯನ್ನು ಇಡಬೇಕು. ಚಿನ್ನವನ್ನು ಕಳೆದುಕೊಂಡ ಹಿಟ್ಟು ಎರಡನೆಯ ಬಾರಿ ಎಲ್ಲಿ ಹೋಗಿ ಬೀಳುವುದೆಂಬುದು, ಚಿನ್ನವು ಯಾರ ಪಾಲಾಗುವುದೆಂಬುದರಷ್ಟೇ ನಿಖರವಾಗಿ, ಕರಾರಿನಲ್ಲಿ ಕಾಣಿಸಬೇಕು.

ಕೆರೆಯ ದತ್ತಿಯನ್ನು ಕೆಡಿಸಿದವನಿಗೆ ಶಾಪವನ್ನು ಕೆತ್ತಿಸುತ್ತಿದ್ದ ಕಾಲವು ಹೋಯಿತು. ಶಾಪದ ಭಯವಿಲ್ಲದ ಕಾಲದಲ್ಲಿ ಆ ಸ್ಥಾನವನ್ನು ತುಂಬಬೇಕಾದುದು ಕಾನೂನು, ಅಳತೆ, ದಾಖಲೆ ಮತ್ತು ನೆರೆಯವರ ಎಚ್ಚರ. ೨೦೧೨ರಲ್ಲಿ ಕೋಲಾರದ ಜನರು ತೋರಿಸಿದುದು ಆ ಎಚ್ಚರವನ್ನೇ. ಬರುವುದೆಂದು ಅಂಜಿದ ವಿಷದ ವಿಷಯದಲ್ಲಿ ಅದು ಕೆಲವು ದಿನಗಳಲ್ಲಿ ಫಲಿಸಿತು; ನೂರು ವರ್ಷಗಳಿಂದ ಕಣ್ಣೆದುರಿಗೇ ಇರುವ ಗುಡ್ಡದ ವಿಷಯದಲ್ಲಿ ಅದು ಇನ್ನೂ ಫಲಿಸಬೇಕಾಗಿದೆ.